ಆಸ್ಪತ್ರೆಯಿಂದ ಬಂದ ಕೂಸು ಯಾವ ಊರಿನದು?

ದಿನ ತುಂಬುವ ಮೊದಲೇ ಹುಟ್ಟಿ, ಮೂವತ್ತು ನಲವತ್ತು ದಿನ ಆಸ್ಪತ್ರೆಯ 'ಪೆಟ್ಟಿಗೆ'ಯಲ್ಲಿದ್ದ ಕೂಸನ್ನು ಮನೆಗೆ ಕರೆದುಕೊಂಡು ಹೋಗಬಹುದು ಎಂದು ವೈದ್ಯರು ಹೇಳಿದ ದಿನ ಮನೆಮಂದಿಗೆಲ್ಲ ಹಬ್ಬ. ಆರತಿ ಎತ್ತುವವರು ಯಾರು, ದೃಷ್ಟಿ ತೆಗೆಯುವವರು ಯಾರು, ಆಟೋ ಸಾಕೋ ಕಾರೇ ಗೊತ್ತು ಮಾಡಬೇಕೋ ಎಂಬ ಮಾತುಕತೆ ನಡೆಯುತ್ತದೆ. ಗಂಡಾಂತರ ಕಳೆಯಿತು, ಇನ್ನು ಎಲ್ಲ ಮಕ್ಕಳಂತೆ ಇದೂ ಒಂದು ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ.

ಸಂತೋಷಪಡಬೇಕಾದ್ದೇ. ಆದರೂ ಒಂದು ಕ್ಷಣ ಯೋಚಿಸಿ ನೋಡಿ. ನಿನ್ನೆಯವರೆಗೆ ಆ ಕೂಸನ್ನು ದಿನವೂ ತೂಕ ಮಾಡುತ್ತಿದ್ದರು. ಮೈ ಎಷ್ಟು ಬೆಚ್ಚಗಿದೆ ಎಂದು ಮತ್ತೆ ಮತ್ತೆ ನೋಡುತ್ತಿದ್ದರು. ಎರಡು ಗಂಟೆಗೊಮ್ಮೆ ಎಷ್ಟು ಹಾಲು ಹೋಯಿತು ಎಂದು ಬರೆದಿಡುತ್ತಿದ್ದರು. ಉಸಿರು ಸ್ವಲ್ಪ ಹೊತ್ತು ನಿಂತರೆ ಯಂತ್ರ ಕೂಗಿಕೊಳ್ಳುತ್ತಿತ್ತು. ಇಂದು ಸಂಜೆಯಿಂದ ಈ ಕೆಲಸವೆಲ್ಲ ಇಪ್ಪತ್ತೆರಡೋ ಇಪ್ಪತ್ಮೂರೋ ವರ್ಷದ ಬಾಣಂತಿಯೊಬ್ಬಳ ಮೇಲೆ ಬೀಳುತ್ತದೆ. ಅವಳ ಬಳಿ ಯಂತ್ರವಿಲ್ಲ, ನರ್ಸ್ ಇಲ್ಲ. ಇರುವುದು ಒಂದು ಡಿಸ್ಚಾರ್ಜ್ ಚೀಟಿ. ಅದೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ.

ಮೂವತ್ತೇಳು ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ. 2020ರಲ್ಲಿ ಪ್ರಪಂಚದಲ್ಲಿ ಹೀಗೆ ಹುಟ್ಟಿದ ಮಕ್ಕಳು ಸುಮಾರು 1 ಕೋಟಿ 34 ಲಕ್ಷ. ಅವುಗಳಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಆದ್ದರಿಂದ ಇದು ಎಲ್ಲೋ ಯಾರಿಗೋ ಆಗುವ ಸಂಗತಿಯೆಂದು ಪುಟ ತಿರುಗಿಸಬೇಡಿ. ನಿಮ್ಮ ಬೀದಿಯಲ್ಲೂ ಇಂಥ ಕೂಸೊಂದು ಇದ್ದೀತು.

ನಮ್ಮಲ್ಲಿ ಒಂದು ಮಾತಿದೆ: ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯುವುದಿಲ್ಲ ಎಂದು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಗ್ರೀಕ್ ವೈದ್ಯರೂ ಇದನ್ನೇ ನಂಬಿದ್ದರೆಂಬುದು ತಮಾಷೆಯ ಸಂಗತಿ. ಇದು ಶುದ್ಧ ಸುಳ್ಳು. ತಾಯಿಯ ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿನ ಲಾಭಕ್ಕೇ ಸೇರುತ್ತದೆ. ಎಂಟು ತಿಂಗಳ ಮಗುವಿನ ಮೇಲೆ ಮೊದಲೇ ಆಸೆ ಬಿಟ್ಟು ಕೂಡುವುದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಈಗ ನಂಜನಗೂಡು ತಾಲ್ಲೂಕಿನ ದೇವನೂರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಸೊಸೆಯ ತವರು ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿ. ಮೂವತ್ತನೇ ವಾರಕ್ಕೇ ನೋವು ಬಂತು. ನಂಜನಗೂಡಿಗೆ ಹೋದರು, ಅಲ್ಲಿಂದ ಸುಮಾರು 25 ಕಿಲೋಮೀಟರ್ ದೂರದ ಮೈಸೂರಿಗೆ ಕಳಿಸಿದರು. ಚೆಲುವಾಂಬ ಆಸ್ಪತ್ರೆಯಲ್ಲೋ ಇನ್ನಾವುದಾದರೂ ದೊಡ್ಡ ಆಸ್ಪತ್ರೆಯಲ್ಲೋ ಹೆರಿಗೆಯಾಯಿತು. ಕೂಸಿನ ತೂಕ ಒಂದು ಕಿಲೋ ಮುನ್ನೂರು ಗ್ರಾಂ. ನಲವತ್ತು ದಿನ ಕಳೆದು ಮನೆಗೆ ಹೊರಟಿತು. ಆಸ್ಪತ್ರೆಯ ಪುಸ್ತಕದಲ್ಲಿ ವಿಳಾಸ ದೇವನೂರಿನದು, ತಂದೆಯ ಮನೆಯದು. ತಾಯಿ ಕಾರ್ಡ್ ಮಾಡಿಸಿದ್ದೂ ಅಲ್ಲಿಯೇ. ಆದರೆ ಕೂಸನ್ನು ಮಡಿಲಲ್ಲಿಟ್ಟುಕೊಂಡ ಕಾರು ಹೋಗುವುದು ನರಸೀಪುರದ ಕಡೆಗೆ. ಬಾಣಂತನ ತವರಿನಲ್ಲಿ ತಾನೇ?

ದೇವನೂರಿನ ಆಶಾ ಕಾರ್ಯಕರ್ತೆ ಬಂದು ಬಾಗಿಲು ತಟ್ಟಿದರೆ 'ಸೊಸೆ ತವರಿಗೆ ಹೋಗವ್ಳೆ' ಎಂಬ ಉತ್ತರ ಸಿಗುತ್ತದೆ. ತವರಿನ ಊರಿನ ಆಶಾಳ ಪಟ್ಟಿಯಲ್ಲಿ ಈ ಕೂಸಿನ ಹೆಸರೇ ಇಲ್ಲ. ಹೀಗೆ ತೀರಾ ಎಚ್ಚರಿಕೆಯಿಂದ ನೋಡಿಕೊಳ್ಳಬೇಕಾದ ಕೂಸೇ ಎರಡು ಊರುಗಳ ನಡುವೆ ಕಳೆದುಹೋಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ತವರಿನ ಬಾಣಂತನವೆಂಬ ಒಳ್ಳೆಯ ಪದ್ಧತಿಯದೂ ತಪ್ಪಿಲ್ಲ. ವಿಳಾಸ ಬದಲಾದದ್ದನ್ನು ಯಾರೂ ಯಾರಿಗೂ ಹೇಳಲಿಲ್ಲ, ಅಷ್ಟೆ. ಆದರೆ ಈ 'ಅಷ್ಟೆ'ಯ ಬೆಲೆ ಬಹಳ ದುಬಾರಿ.

ಏಕೆಂದರೆ ಮನೆಗೆ ಬಂದು ನೋಡುವವರಿಂದ ಎಷ್ಟು ಜೀವ ಉಳಿಯುತ್ತದೆ ಎಂಬುದು ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ರುಜುವಾತಾಗಿದೆ. ಅಲ್ಲಿ ವೈದ್ಯ ದಂಪತಿಗಳಾದ ಅಭಯ್ ಬಂಗ್ ಮತ್ತು ರಾಣಿ ಬಂಗ್ ಅವರು ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ಹಸುಗೂಸುಗಳನ್ನು ಮನೆಮನೆಗೆ ಹೋಗಿ ನೋಡುವ ವ್ಯವಸ್ಥೆ ಮಾಡಿದರು. ಪಕ್ಕದ ಊರುಗಳಿಗೆ ಹೋಲಿಸಿದರೆ ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ಶೇಕಡ 62ರಷ್ಟು ಇಳಿಯಿತೆಂದು 1999ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಕೇಂದ್ರ ಸರ್ಕಾರವು 2011ರಲ್ಲಿ ಇದೇ ಮಾದರಿಯನ್ನು ದೇಶಕ್ಕೆಲ್ಲ ತಂದಿತು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಬೇಕು. 2018ರಲ್ಲಿ ಇದಕ್ಕೆ ಇನ್ನೊಂದು ಕಾರ್ಯಕ್ರಮ ಸೇರಿತು. ಮೂರನೇ ತಿಂಗಳಿನಿಂದ ಹದಿನೈದನೇ ತಿಂಗಳವರೆಗೆ ಮೂರು ತಿಂಗಳಿಗೊಮ್ಮೆ ಭೇಟಿ.

ಈ ದಿನಗಳ ಲೆಕ್ಕ ದಿನ ತುಂಬಿ ಹುಟ್ಟಿದ ಕೂಸಿಗೆ ಹೇಳಿ ಮಾಡಿಸಿದಂತಿದೆ. ನಲವತ್ತನೇ ದಿನ ಮನೆಗೆ ಬರುವ ಕೂಸಿಗೆ ಕಾಗದದ ಮೇಲೆ ನಲವತ್ತೆರಡನೇ ದಿನ ಬರುವುದು ನಾಡಿದ್ದೇ! ಇಂಥ ಕೂಸಿಗೆ ಮನೆ ಸೇರಿದ ದಿನವನ್ನೇ ಹುಟ್ಟಿದ ದಿನವೆಂದು ಹಿಡಿದು, ಅಲ್ಲಿಂದ ಆರು ಭೇಟಿಗಳನ್ನೂ ಪೂರ್ತಿ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆಸ್ಪತ್ರೆಯೂ ಕೂಸನ್ನು ಕಳಿಸುವ ಮುನ್ನ 'ನಿಮ್ಮ ಊರು ಯಾವುದು' ಎಂದು ಕೇಳಿದರೆ ಸಾಲದು. 'ಈ ಕೂಸು ಇಂದು ರಾತ್ರಿ ಯಾವ ಊರಿನಲ್ಲಿ ಮಲಗುತ್ತದೆ' ಎಂದು ಕೇಳಬೇಕು. ಅವರು ಕೇಳದಿದ್ದರೆ ನೀವೇ ಹೇಳಿ, ಬರೆಸಿ. ತವರಿನ ಊರಿನ ಆಶಾ ಕಾರ್ಯಕರ್ತೆ ಯಾರೆಂದು ಬೀಗರನ್ನು ಮೊದಲೇ ವಿಚಾರಿಸಿ, ಮನೆ ಸೇರಿದ ದಿನವೇ ತಾಯಿ ಕಾರ್ಡನ್ನು ಆಕೆಗೆ ತೋರಿಸಿ. ಒಂದು ಫೋನಿನ ಕೆಲಸ.

ಬಾಣಂತನದ್ದೇ ಇನ್ನೊಂದು ತೊಡಕಿದೆ. ಹೊಸ್ತಿಲು ದಾಟಬಾರದು, ಗಾಳಿ ತಾಕಬಾರದು, ಮೂರು ತಿಂಗಳು ಹೊರಗೆ ಕಾಲಿಡಬಾರದು ಎಂಬ ಕಟ್ಟುಪಾಡು. ಹಿಂದೆ ಬಾಣಂತಿಗೆ ವಿಶ್ರಾಂತಿ ಕೊಡಿಸಿದ ಕಟ್ಟುಪಾಡು ಇದು. ನಾನು ಅದನ್ನು ಹಳಿಯುವವನಲ್ಲ. ಆದರೆ ದಿನ ತುಂಬದ ಕೂಸಿನ ಕಣ್ಣು ಪರೀಕ್ಷೆಯ ದಿನಗಳು ಬೀಳುವುದು ಸರಿಯಾಗಿ ಈ ಮೂರು ತಿಂಗಳ ಒಳಗೇ.

ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲ ಎಂಬ ತೆಳುವಾದ ಪದರವಿದೆ. ಅದಕ್ಕೆ ರಕ್ತ ಒಯ್ಯುವ ನಾಳಗಳು ಬೆಳೆದು ಮುಗಿಯುವುದು ಗರ್ಭದ ಕೊನೆಯ ವಾರಗಳಲ್ಲಿ. ಮೊದಲೇ ಹುಟ್ಟಿದ ಕೂಸಿನಲ್ಲಿ ಆ ನಾಳಗಳು ಹೊರಗೆ ಬಂದ ಮೇಲೆ ಬೆಳೆಯಬೇಕು. ಜೀವ ಉಳಿಸಲು ಕೊಟ್ಟ ಆಮ್ಲಜನಕ, ಸೋಂಕು, ತೂಕ ಏರದಿರುವುದು ಇವೆಲ್ಲ ಸೇರಿ ಕೆಲವು ಕೂಸುಗಳಲ್ಲಿ ನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು, ಅಕ್ಷಿಪಟಲವನ್ನೇ ಎಳೆದು ಕಿತ್ತು ಕುರುಡು ತರುತ್ತವೆ. ಅಮೆರಿಕದ ಪ್ರಸಿದ್ಧ ಗಾಯಕ ಸ್ಟೀವಿ ವಂಡರ್ 1950ರಲ್ಲಿ ದಿನ ತುಂಬದೆ ಹುಟ್ಟಿ ಕಣ್ಣು ಕಳೆದುಕೊಂಡದ್ದು ಈ ರೋಗದಿಂದಲೇ. ಆಗ ಇದಕ್ಕೆ ಚಿಕಿತ್ಸೆ ಇರಲಿಲ್ಲ. ಈಗ ಇದೆ. ಸಕಾಲದಲ್ಲಿ ಕಂಡುಹಿಡಿದು ಲೇಸರ್ ಕೊಟ್ಟರೆ ಬಹುಪಾಲು ಕೂಸುಗಳ ಕಣ್ಣು ಉಳಿಯುತ್ತದೆ. ಆದರೆ ಆ 'ಸಕಾಲ' ಎಂಬುದು ಕೆಲವೇ ದಿನಗಳ ಗಡುವು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತಿರುತ್ತದೆ. 'ಕಪ್ಪು ಗುಡ್ಡೆ ಎಷ್ಟು ಲಕ್ಷಣವಾಗಿದೆ, ಎಂಥ ಪರೀಕ್ಷೆ' ಎಂದು ಅಜ್ಜಿ ಹೇಳಿದರೆ ಯಾರೂ ಎದುರಾಡುವುದಿಲ್ಲ.

ಮೂವತ್ತನಾಲ್ಕು ವಾರಕ್ಕೆ ಮುಂಚೆ ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಗಿದ ಪ್ರತಿ ಕೂಸಿಗೂ ಹುಟ್ಟಿದ ಮೂವತ್ತು ದಿನದೊಳಗೆ ಮೊದಲ ಪರೀಕ್ಷೆ ಆಗಬೇಕು. ತೀರಾ ಚಿಕ್ಕವಕ್ಕೆ ಇನ್ನೂ ಮುಂಚೆ. ನಮ್ಮ ದೇವನೂರಿನ ಕೂಸಿಗೆ ಇದು ವಾರ್ಡಿನಲ್ಲೇ ಆಗಿರುತ್ತದೆ. ಮನೆಯವರು 'ಕಣ್ಣು ನೋಡಿಯಾಯಿತು' ಎಂದು ಸುಮ್ಮನಾಗುವ ಅಪಾಯ ಇರುವುದು ಇಲ್ಲಿಯೇ. ಒಂದು ಸಲ ನೋಡಿದರೆ ಮುಗಿಯಲಿಲ್ಲ. ನಾಳಗಳು ಪೂರ್ತಿ ಬೆಳೆದವು ಎಂದು ಕಣ್ಣಿನ ವೈದ್ಯರು ಹೇಳುವವರೆಗೆ ವಾರಕ್ಕೋ ಎರಡು ವಾರಕ್ಕೋ ಮತ್ತೆ ಮತ್ತೆ ತೋರಿಸಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಕೂಸುಗಳ ಅಕ್ಷಿಪಟಲದ ಚಿತ್ರ ತೆಗೆದರು, ವೈದ್ಯರು ದೂರದಿಂದಲೇ ನೋಡಿ ನಿರ್ಧಾರ ತಿಳಿಸಿದರು. ವೈದ್ಯರೇ ಕೂಸಿನ ಬಳಿಗೆ ಇಷ್ಟು ದೂರ ಬರಬಹುದಾದರೆ, ಕೂಸು ಹೊಸ್ತಿಲು ದಾಟಬಾರದೆ? ಬಾಣಂತಿ ಹೊರಡುವುದು ಬೇಡವೆನಿಸಿದರೆ ತಂದೆಯೂ ಅಜ್ಜಿಯೂ ಕೂಸನ್ನು ಎದೆಗವಚಿಕೊಂಡು ಹೋಗಲಿ, ಹಿಂಡಿದ ತಾಯಿಹಾಲು ಜೊತೆಗಿರಲಿ. ಅಮಾವಾಸ್ಯೆ, ಮಂಗಳವಾರ, ಊರ ಹಬ್ಬ ಎಂದು ಆ ದಿನವನ್ನು ಮುಂದೂಡಬೇಡಿ.

ಕಿವಿಯ ವಿಷಯದಲ್ಲಿ ಮೈಸೂರು ಸೀಮೆಯವರು ಅದೃಷ್ಟವಂತರು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯ ಬಳಿಯೇ ಇದೆ. ದೇಶದ ಮೂಲೆ ಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಬಹಳ ದಿನ ತೀವ್ರ ನಿಗಾ ಘಟಕದಲ್ಲಿದ್ದ ಕೂಸಿನ ಕಿವಿಯನ್ನು ತಪ್ಪದೆ ಪರೀಕ್ಷಿಸಬೇಕು. ಕೇಳಿಸದಿರುವುದು ಮೂರು ತಿಂಗಳೊಳಗೆ ಖಚಿತವಾಗಿ, ಆರು ತಿಂಗಳೊಳಗೆ ಸಾಧನ ಹಾಕಿದರೆ ಮಗು ಮಾತು ಕಲಿಯುವ ಅವಕಾಶ ಬಹಳ ಹೆಚ್ಚು. 'ನಮ್ಮ ಮನೆಯಲ್ಲಿ ಎಲ್ಲರಿಗೂ ಮಾತು ತಡ' ಎಂದು ಮೂರು ವರ್ಷ ಕಾದು ಬರುವವರಿಗೆ ಏನು ಹೇಳುವುದು!

ಇನ್ನು ಮನೆಯೊಳಗಿನ ಆರೈಕೆ. ಪೆಟ್ಟಿಗೆಯಿಂದ ಹೊರಬಂದ ಕೂಸಿಗೆ ಅದಕ್ಕಿಂತ ಒಳ್ಳೆಯ ಪೆಟ್ಟಿಗೆ ತಾಯಿಯ ಎದೆ. ಇದು ಕವಿಯ ಮಾತಲ್ಲ. 1978ರ ಸುಮಾರಿಗೆ ದಕ್ಷಿಣ ಅಮೆರಿಕದ ಬೊಗೊಟಾ ನಗರದ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಹೋದಾಗ ಡಾ. ಎಡ್ಗರ್ ರೇ ಎಂಬ ವೈದ್ಯರು ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಕಾಂಗರೂ ಆರೈಕೆ ಎಂದು ಹೆಸರಾದ ಈ ಕ್ರಮ ಬಡವರ ಉಪಾಯವಾಗಿ ಹುಟ್ಟಿ ಇಂದು ಶ್ರೀಮಂತ ದೇಶಗಳಲ್ಲೂ ನಡೆಯುತ್ತಿದೆ. ಹರಿಯಾಣದ ಹಳ್ಳಿಗಳಲ್ಲಿ ಕಡಿಮೆ ತೂಕದ ಕೂಸುಗಳಿಗೆ ಮನೆಯಲ್ಲೇ ಇದನ್ನು ಮಾಡಿಸಿದಾಗ ಮೊದಲ ತಿಂಗಳ ಸಾವು ಶೇಕಡ 30ರಷ್ಟು ಕಡಿಮೆಯಾಯಿತೆಂದು 2019ರ ಅಧ್ಯಯನ ತೋರಿಸಿದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರು ಆರೋಗ್ಯ ಇಲಾಖೆಯೊಡನೆ ಸೇರಿ ಹಳ್ಳಿಯ ಮನೆಗಳವರೆಗೆ ಇದನ್ನು ಒಯ್ದಿದ್ದಾರೆ.

ಮಾಡುವುದು ಸುಲಭ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ. ತಾಯಿಯ ಎರಡು ಸ್ತನಗಳ ನಡುವೆ ಮೈಗೆ ಮೈ ತಾಗುವಂತೆ ನೆಟ್ಟಗೆ ಮಲಗಿಸಿ, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಮೂಗು ಬಾಯಿ ಮುಚ್ಚಿಹೋಗದಂತೆ ನೋಡಿಕೊಂಡು ಮೆತ್ತನೆಯ ಹಳೆಯ ಸೀರೆಯಿಂದ ಕಟ್ಟಬೇಕು. ತಾಯಿ ಗೋಡೆಗೋ ದಿಂಬಿಗೋ ಒರಗಿ ಕೂರಲಿ. ಒಂದು ಸಲ ಕೂತರೆ ಕನಿಷ್ಠ ಒಂದು ಗಂಟೆ. ದಿನಕ್ಕೆ ಎಂಟು ಗಂಟೆಗೆ ಕಡಿಮೆಯಾಗದಿರಲಿ, ಹೆಚ್ಚಾದಷ್ಟೂ ಒಳ್ಳೆಯದು.

ಸುಲಭ ಎಂದೆ. ಆದರೆ ನಮ್ಮ ಮನೆಗಳಲ್ಲಿ ಅವಳು ರವಿಕೆ ಬಿಚ್ಚಿ ಎಂಟು ಗಂಟೆ ಎಲ್ಲಿ ಕೂರಬೇಕು? ನಡುಮನೆಯಲ್ಲಿ ಮಾವ ಕೂತಿರುತ್ತಾರೆ, ಟಿ.ವಿ. ನಡೆಯುತ್ತಿರುತ್ತದೆ, ಕೂಸನ್ನು ನೋಡಲು ಬಂದವರು ಬಂದಂತೆಯೇ ಇರುತ್ತಾರೆ. ಇರುವ ಒಂದು ಕೋಣೆಯಲ್ಲಿ ಭತ್ತದ ಮೂಟೆ. ಆ ಮೂಟೆಗಳನ್ನು ಎತ್ತಿ ಹೊರಗಿಟ್ಟು ಕೋಣೆಯನ್ನು ಅವಳಿಗೆ ಬಿಟ್ಟುಕೊಡಿ. ಇಲ್ಲವಾದರೆ ಮೂಲೆಗೆ ಒಂದು ಸೀರೆಯ ಪರದೆ ಕಟ್ಟಿ. ಪಾತ್ರೆ, ಬಟ್ಟೆ, ಅಡಿಗೆ ಎಲ್ಲವೂ ಅವಳಿಂದ ತಪ್ಪಬೇಕು. ಅವಳು ಎದ್ದಾಗ ತಂದೆ ಅಂಗಿ ಕಳಚಿ ಕೂಸನ್ನು ಕಟ್ಟಿಕೊಳ್ಳಲಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಗಂಡಸಿನ ಎದೆಯ ಬಿಸಿಯೂ ಅಷ್ಟೇ. ಅಜ್ಜಿ ಗಟ್ಟಿಮುಟ್ಟಾಗಿದ್ದರೆ ಆಕೆಯೂ ಕಟ್ಟಿಕೊಳ್ಳಬಹುದು. ಬೀಡಿ ಸಿಗರೇಟು ಸೇದುವವರು ಮಾತ್ರ ಕೂಸಿನ ಹತ್ತಿರ ಸುಳಿಯಬಾರದು.

ಹಾಲು ಎರಡರಿಂದ ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಈ ಕೂಸುಗಳು ಹಸಿದರೂ ಅಳುವುದಿಲ್ಲ; ನಿದ್ದೆಗೆಡಿಸಿ ಕುಡಿಸಬೇಕು. 'ಎಷ್ಟು ಸಾಧು ಮಗು, ಅಳುವುದೇ ಇಲ್ಲ' ಎಂದು ಹಿಗ್ಗುವುದು ಬೇಡ. ಚೀಪಲು ಶಕ್ತಿ ಸಾಲದಿದ್ದರೆ ಹಾಲು ಹಿಂಡಿ ಒಳಲೆಯಲ್ಲಿ ಹಾಕಿ. ನಮ್ಮ ಅಜ್ಜಿಯರ ಒಳಲೆಯನ್ನು ಇಂದು ದೊಡ್ಡ ಆಸ್ಪತ್ರೆಗಳ ನಿಗಾ ಘಟಕಗಳೂ ಬಳಸುತ್ತವೆ. ಪ್ರತಿ ಸಲ ಕುದಿಸಿ ತೊಳೆದರೆ ಸಾಕು. ಸೀಸೆ ಬೇಡ. ಹಸುವಿನ ಹಾಲು, ಜೇನುತುಪ್ಪ, ಸಕ್ಕರೆ ನೀರು, ಬಜೆ, ಗ್ರೈಪ್ ವಾಟರ್ ಯಾವುದೂ ಬೇಡ. ವೈದ್ಯರು ಬರೆದ ಕಬ್ಬಿಣಾಂಶದ ಮತ್ತು ಡಿ ಜೀವಸತ್ವದ ಹನಿಗಳನ್ನು ಮಾತ್ರ ತಿಂಗಳುಗಟ್ಟಲೆ ತಪ್ಪಿಸಬೇಡಿ. ಹೊಟ್ಟೆಯಲ್ಲಿ ಕೊನೆಯ ತಿಂಗಳುಗಳಲ್ಲಿ ಕೂಡಿಟ್ಟುಕೊಳ್ಳಬೇಕಾದ ಕಬ್ಬಿಣವನ್ನು ಈ ಕೂಸು ಕೂಡಿಟ್ಟುಕೊಂಡಿಲ್ಲ.

ಎಣ್ಣೆ ಸ್ನಾನದ ಬಗ್ಗೆ ಅಜ್ಜಿಯರೊಡನೆ ಜಗಳವಾಡಲು ನನಗೆ ಇಷ್ಟವಿಲ್ಲ. ಕೊಬ್ಬರಿ ಎಣ್ಣೆಯನ್ನು ಹಗುರವಾಗಿ ಸವರಿದರೆ ಒಳ್ಳೆಯದೇ. ಕಾಲ ಮೇಲೆ ಮಲಗಿಸಿ ತಿಕ್ಕುವುದು, ತಲೆ ಮೂಗು ತಿದ್ದುವುದು, ಚೊಂಬು ಚೊಂಬು ಬಿಸಿನೀರು ಹುಯ್ಯುವುದು, ಕಿವಿಗೆ ಎಣ್ಣೆ ಬಿಡುವುದು, ಸಾಂಬ್ರಾಣಿ ಹೊಗೆ ಹಾಕುವುದು ಇವೆಲ್ಲ ಎರಡೂವರೆ ಕಿಲೋ ಆಗುವ ಮೊದಲಂತೂ ಖಂಡಿತ ಕೂಡದು; ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹೊಗೆ, ಮೂಗು ತಿದ್ದುವುದು, ಕಿವಿಗೆ ಎಣ್ಣೆ ಈ ಮೂರು ಮುಂದೆಯೂ ಬೇಡ. ನಾಮಕರಣ ಮನೆಮಟ್ಟಿಗೆ ಆಗಲಿ. ನಂಜನಗೂಡಿನ ದೊಡ್ಡ ಜಾತ್ರೆ, ಸುತ್ತೂರು ಜಾತ್ರೆ, ಮುಡುಕುತೊರೆ ಜಾತ್ರೆ ಬರುವ ವರ್ಷವೂ ನಡೆಯುತ್ತವೆ. ಕೂಸು ಆಗ ತಂದೆಯ ಹೆಗಲ ಮೇಲೆ ಕೂತು ತೇರು ನೋಡಲಿ.

ನೋಡಲು ಬರುವವರಿಗೂ ಒಂದು ಮಾತು. ಕೈ ಸೋಪಿನಲ್ಲಿ ತೊಳೆದುಕೊಳ್ಳಿ, ಕೆಮ್ಮು ನೆಗಡಿ ಇದ್ದರೆ ಬರಲೇಬೇಡಿ. ಬಂದವರು 'ಇಲಿಮರಿ ಹಾಗಿದೆ', 'ನೀನು ಭಾರ ಎತ್ತಿದ್ದೆಯಾ', 'ಗ್ರಹಣದಲ್ಲಿ ಹೊರಗೆ ಬಂದಿದ್ದೆಯಾ' ಎಂದು ಬಾಣಂತಿಯ ವಿಚಾರಣೆ ನಡೆಸಬೇಡಿ. ರಕ್ತದೊತ್ತಡ, ಸೋಂಕು, ಅವಳಿ ಗರ್ಭ ಹೀಗೆ ಕಾರಣಗಳು ಹಲವು. ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ನಲವತ್ತು ದಿನ ಗಾಜಿನ ಆಚೆಯಿಂದ ಕೂಸನ್ನು ನೋಡಿದವಳು ಅವಳು. ರಾತ್ರಿ ಹತ್ತು ಸಲ ಎದ್ದು ಕೂಸಿನ ಮೂಗಿನ ಬಳಿ ಬೆರಳಿಡುತ್ತಾಳೆ. ಎರಡು ವಾರ ಕಳೆದರೂ ಅವಳ ಅಳು ನಿಲ್ಲದಿದ್ದರೆ, ಕೂಸಿನ ಮೇಲೇ ಬೇಸರ ಬಂದಂತಿದ್ದರೆ, ದೃಷ್ಟಿ ಎಂದು ಮಂತ್ರ ಹಾಕಿಸದೆ ವೈದ್ಯರಿಗೆ ತೋರಿಸಿ.

ವಯಸ್ಸಿನ ಲೆಕ್ಕ ತಿಳಿದರೆ ಅರ್ಧ ಆತಂಕ ಕಡಿಮೆಯಾಗುತ್ತದೆ. ಹತ್ತು ವಾರ ಮೊದಲೇ ಹುಟ್ಟಿದ ಕೂಸಿಗೆ ನಾಲ್ಕು ತಿಂಗಳು ತುಂಬಿದಾಗ ಆ ಹತ್ತು ವಾರ ಕಳೆದು ಲೆಕ್ಕ ಹಾಕಿ. ಬೆಳವಣಿಗೆಯಲ್ಲಿ ಅದು ಇನ್ನೂ ಒಂದೂವರೆ ತಿಂಗಳ ಚಿಲ್ಲರೆ ಕೂಸು. ಪಕ್ಕದ ಮನೆಯ ನಾಲ್ಕು ತಿಂಗಳ ಮಗು ಕತ್ತು ನಿಲ್ಲಿಸಿತು, ನಮ್ಮದು ಇಲ್ಲ ಎಂದು ಕೊರಗಬೇಕಾಗಿಲ್ಲ. ಎರಡು ವರ್ಷದವರೆಗೆ ಹೀಗೆಯೇ ಎಣಿಸಬೇಕು. ಲಸಿಕೆಗೆ ಮಾತ್ರ ಈ ಕಳೆಯುವ ಲೆಕ್ಕ ಇಲ್ಲ. ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು.

ಹಣದ ಚಿಂತೆಯಿಂದ ಮತ್ತೆ ಆಸ್ಪತ್ರೆಗೆ ಹೋಗಲು ಹಿಂಜರಿಯುವವರು ತಿಳಿದಿರಲಿ: 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹಸುಗೂಸಿನ ಚಿಕಿತ್ಸೆ, ಔಷಧಿ, ಪರೀಕ್ಷೆ, ವಾಹನ ಎಲ್ಲವೂ ಉಚಿತ. ಮೊದಲು ಮೂವತ್ತು ದಿನಕ್ಕೆ ಮಾತ್ರ ಇದ್ದದ್ದನ್ನು ಆಮೇಲೆ ಒಂದು ವರ್ಷದವರೆಗೆ ವಿಸ್ತರಿಸಿದ್ದಾರೆ. ಇದು ದಾನವಲ್ಲ, ಕೇಳಿ ಪಡೆಯಬೇಕಾದ ಹಕ್ಕು.

ಆಸ್ಪತ್ರೆಗಳವರಲ್ಲಿ ನನ್ನದೊಂದು ತಕರಾರು ಉಳಿದಿದೆ. ನಲವತ್ತು ದಿನ ಇಷ್ಟು ಶ್ರಮಪಟ್ಟು ಕೂಸನ್ನು ಉಳಿಸಿದವರು ಕೊನೆಯ ಅರ್ಧ ಗಂಟೆಯಲ್ಲಿ ಅವಸರ ಮಾಡುವುದೇಕೆ? ತಂದೆ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿರುವಾಗ, ಬಾಣಂತಿ ಬಟ್ಟೆಯ ಗಂಟು ಕಟ್ಟುತ್ತಿರುವಾಗ, ಇಂಗ್ಲಿಷಿನ ಎರಡು ಹಾಳೆ ಕೊಟ್ಟು 'ಬುಧವಾರ ಬನ್ನಿ' ಎಂದರೆ ಯಾವ ಬುಧವಾರ, ಯಾವ ಕೋಣೆ, ಯಾತಕ್ಕೆ ಎಂದು ಅವರಿಗೆ ಹೇಗೆ ತಿಳಿಯಬೇಕು? ಆ ಹಾಳೆಯ ಜೊತೆ ಕನ್ನಡದಲ್ಲಿ ಒಂದೇ ಒಂದು ಪುಟ ಇರಲಿ. ಕಣ್ಣಿನ ಪರೀಕ್ಷೆಯ ತಾರೀಖು, ಕಿವಿಯದು, ತೂಕದ್ದು, ಹನಿಗಳ ಲೆಕ್ಕ, ರಾತ್ರಿಯಲ್ಲೂ ಎತ್ತುವಂಥ ಒಂದು ಫೋನ್ ನಂಬರು. ಕೂಸನ್ನು ನಿಜವಾಗಿ ಸಾಕುವ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ಅದನ್ನು ಓದಿ ಹೇಳಲಿ. ಕೊಡದಿದ್ದರೆ ನೀವೇ ಒಂದು ಹಾಳೆ ಮುಂದಿಟ್ಟು 'ಇದರಲ್ಲಿ ಬರೆದುಕೊಡಿ' ಎಂದು ಕೇಳಿ, ತಾಯಿ ಕಾರ್ಡಿನೊಳಗೆ ಇಟ್ಟುಕೊಳ್ಳಿ.

ಆ ಹಾಳೆಯ ಹಿಂಬದಿಯಲ್ಲಿ ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಕೂಸು ಹಾಲು ಬಿಟ್ಟರೆ; ನಿಮಿಷಕ್ಕೆ ಅರವತ್ತು ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅಥವಾ ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ; ಉಸಿರು ನಿಂತು ನಿಂತು ಬರುತ್ತಿದ್ದರೆ, ಮೈ ನೀಲಿಯಾದರೆ; ಜ್ವರ ಬಂದರೆ; ಫಿಟ್ಸ್ ಬಂದರೆ; ಅಂಗಾಲಿನವರೆಗೆ ಹಳದಿಯಾದರೆ; ಮುಟ್ಟಿದರೂ ಅಲುಗಾಡದೆ ಮಂಕಾಗಿದ್ದರೆ, ಕೂಡಲೇ ಆಸ್ಪತ್ರೆಗೆ ಹೊರಡಿ. ಪಾದ ಮಾತ್ರ ತಣ್ಣಗಿದ್ದು ಹೊಟ್ಟೆ ಬೆಚ್ಚಗಿದ್ದರೆ ತಕ್ಷಣ ಎದೆಗೆ ಕಟ್ಟಿಕೊಳ್ಳಿ. ಹೊಟ್ಟೆಯೂ ತಣ್ಣಗಾಗಿದ್ದರೆ ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೊರಡಿ. 108ಕ್ಕೆ ಫೋನ್ ಮಾಡಿದಾಗ ಕೂಸು ದಿನ ತುಂಬದೆ ಹುಟ್ಟಿದ್ದೆಂದು ಮೊದಲು ಹೇಳಿ, ಆಮೇಲೆ ನೀವಿರುವ ಊರಿನ ಹೆಸರು.